ಕ್ಲಸ್ಟರಿಗೂ ಕಮಾಂಡಿಗೂ ನಡುವೆ ಒಂದು ಆವೃತ್ತಿಯ ಅಂತರ

ದೊಡ್ಡ ಅಂತರ್ಜಾಲ ಸೇವೆಯೊಂದರ ಹಿಂದೆ ದುಡಿಯುವ ತಂತ್ರಾಂಶವು ಒಂದೇ ಯಂತ್ರದಲ್ಲಿ ನೆಲೆನಿಂತ ಒಂದೇ ಪ್ರೋಗ್ರಾಮ್ ಆಗಿರುವುದು ಈಗ ಅಪರೂಪವಾಗಿದೆ. ಅದು ಹತ್ತಾರು, ಕೆಲವೊಮ್ಮೆ ನೂರಾರು ಸಣ್ಣ ಪ್ರೋಗ್ರಾಮ್‌ಗಳಾಗಿ ಬಿಡಿಬಿಡಿಯಾಗಿದ್ದು, ಪ್ರತಿಯೊಂದೂ ತನಗೆ ಬೇಕಾದ ಕಡತಗಳನ್ನೂ ಲೈಬ್ರರಿಗಳನ್ನೂ ತನ್ನೊಡನೆಯೇ ಕಟ್ಟಿಕೊಂಡು, ಉಳಿದವುಗಳಿಂದ ಪ್ರತ್ಯೇಕವಾಗಿ ಓಡುತ್ತದೆ. ಹೀಗೆ ಕಟ್ಟಿಟ್ಟ ಪ್ರೋಗ್ರಾಮಿಗೆ ಕಂಟೇನರ್ ಎಂದು ಹೆಸರು. ಯಾವ ಕಂಟೇನರನ್ನು ಯಾವ ಯಂತ್ರದಲ್ಲಿ ಓಡಿಸಬೇಕು, ಒಂದು ಯಂತ್ರ ಕೆಟ್ಟರೆ ಅದರ ಮೇಲಿದ್ದ ಕೆಲಸವನ್ನು ಯಾವುದಕ್ಕೆ ವಹಿಸಬೇಕು, ಬಳಕೆದಾರರ ದಟ್ಟಣೆ ಏರಿದಾಗ ಎಷ್ಟು ಪ್ರತಿಗಳನ್ನು ಹೆಚ್ಚಿಸಬೇಕು ಎಂಬುದನ್ನೆಲ್ಲ ಮನುಷ್ಯರೇ ಕೂತು ಹಗಲಿರುಳು ನಿರ್ಧರಿಸಲು ಸಾಧ್ಯವಿಲ್ಲವಾದ್ದರಿಂದ ಆ ಹೊಣೆಯನ್ನು ಹೊರುವ ಮೇಲ್ವಿಚಾರಕ ತಂತ್ರಾಂಶ ಬೇಕಾಯಿತು. ಗೂಗಲ್ ಸಂಸ್ಥೆ ತನ್ನೊಳಗೆ ಬಳಸುತ್ತಿದ್ದ ಬೋರ್ಗ್ ಎಂಬ ವ್ಯವಸ್ಥೆಯ ಅನುಭವದ ಮೇಲೆ 2014ರ ಜೂನ್‌ನಲ್ಲಿ ಮುಕ್ತ ತಂತ್ರಾಂಶವಾಗಿ ಪ್ರಕಟಿಸಿದ ಕುಬರ್ನೆಟೀಸ್ ಇಂಥ ಮೇಲ್ವಿಚಾರಕಗಳಲ್ಲಿ ಇಂದು ಅತ್ಯಂತ ವ್ಯಾಪಕವಾದುದು. ಅದರ 1.0 ಆವೃತ್ತಿ 2015ರ ಜುಲೈನಲ್ಲಿ ಹೊರಬಂದಿತು. ಆಮೇಲೆ ಅದರ ಉಸ್ತುವಾರಿ ಗೂಗಲ್ ಒಂದರ ಕೈಯಲ್ಲಿ ಉಳಿಯದೆ, ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿರುವ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ನಿಗೆ ಸೇರಿತು.

ಕುಬರ್ನೆಟೀಸ್ ಆಳುವ ಯಂತ್ರಗಳ ಗುಂಪಿಗೆ ಕ್ಲಸ್ಟರ್ ಎನ್ನುತ್ತಾರೆ, ಆ ಗುಂಪಿನ ಒಂದೊಂದು ಯಂತ್ರವೂ ಒಂದು ನೋಡ್. ಕ್ಲಸ್ಟರಿನ ಆಡಳಿತ ನಡೆಸುವ ಭಾಗಕ್ಕೆ ಕಂಟ್ರೋಲ್ ಪ್ಲೇನ್ ಎಂಬ ಹೆಸರಿದ್ದು, ಅದರ ಹೆಬ್ಬಾಗಿಲಲ್ಲಿ ಎಪಿಐ ಸರ್ವರ್ ನಿಂತಿರುತ್ತದೆ. ಒಳಗಿನ ಯಾವ ಮಾಹಿತಿಯನ್ನು ಓದಬೇಕಾದರೂ, ಯಾವ ಬದಲಾವಣೆಯನ್ನು ಮಾಡಬೇಕಾದರೂ ವಿನಂತಿ ಈ ಸರ್ವರಿನ ಮೂಲಕವೇ ಹಾಯಬೇಕು. ಎಂಜಿನಿಯರುಗಳು ತಮ್ಮ ಲ್ಯಾಪ್‌ಟಾಪಿನಲ್ಲಿ ಕೂತು ಇಂಥ ವಿನಂತಿಗಳನ್ನು ಕಳುಹಿಸಲು ಬಳಸುವ ಕಮಾಂಡ್ ಲೈನ್ ಉಪಕರಣವೇ ಕ್ಯೂಬ್‌ಸಿಟಿಎಲ್. ಬಟನ್ನುಗಳಿಲ್ಲದ, ಚಿತ್ರಗಳಿಲ್ಲದ ಈ ಉಪಕರಣದಲ್ಲಿ ಬಳಕೆದಾರ ಒಂದು ಸಾಲನ್ನು ಟೈಪ್ ಮಾಡಿ ಎಂಟರ್ ಒತ್ತಿದರೆ, ಅದು ಆ ಸಾಲನ್ನು ಎಪಿಐ ಸರ್ವರಿಗೆ ಅರ್ಥವಾಗುವ ವಿನಂತಿಯಾಗಿ ರೂಪಿಸಿ ಕಳುಹಿಸುತ್ತದೆ, ಬಂದ ಉತ್ತರವನ್ನು ಮನುಷ್ಯರು ಓದುವಂತೆ ಜೋಡಿಸಿ ತೋರಿಸುತ್ತದೆ.

ಉಪಕರಣವೂ ಸರ್ವರೂ ಒಂದೇ ಯೋಜನೆಯ ಕೂಸುಗಳು, ಒಂದೇ ದಿನ ಒಂದೇ ಸಂಖ್ಯೆಯನ್ನು ಹೊತ್ತು ಬಿಡುಗಡೆಯಾಗುತ್ತವೆ. ಆದರೆ ಬಿಡುಗಡೆಯಾದ ಮರುದಿನದಿಂದಲೇ ಅವುಗಳ ದಾರಿ ಬೇರೆಯಾಗುತ್ತದೆ. ಸರ್ವರು ದೂರದ ಡೇಟಾ ಸೆಂಟರಿನಲ್ಲಿದ್ದು ಅದನ್ನು ನವೀಕರಿಸುವ ತೀರ್ಮಾನ ಒಂದು ತಂಡದ್ದು ಅಥವಾ ಕ್ಲೌಡ್ ಕಂಪನಿಯದು. ಉಪಕರಣವಾದರೋ ಸಾವಿರ ಲ್ಯಾಪ್‌ಟಾಪುಗಳಲ್ಲಿ ಚದುರಿದ್ದು, ಒಂದೊಂದೂ ಅದರ ಒಡೆಯನ ಶ್ರದ್ಧೆ ಅಥವಾ ಮರೆವಿಗೆ ತಕ್ಕಂತೆ ಹಳತಾಗುತ್ತದೆ. ಹೀಗೆ ಬೇರೆ ಬೇರೆ ವಯಸ್ಸಿನ ಎರಡು ಪ್ರೋಗ್ರಾಮ್‌ಗಳು ಪರಸ್ಪರ ಮಾತನಾಡುವಾಗ ಒಂದು ಹೇಳಿದ್ದು ಇನ್ನೊಂದಕ್ಕೆ ಎಲ್ಲಿಯವರೆಗೆ ಸರಿಯಾಗಿ ಅರ್ಥವಾಗುತ್ತದೆ ಎಂಬುದೇ ಆವೃತ್ತಿ ಹೊಂದಾಣಿಕೆಯ ಪ್ರಶ್ನೆ.

ಆವೃತ್ತಿ ಸಂಖ್ಯೆಯಲ್ಲಿ ಚುಕ್ಕಿಯಿಂದ ಬೇರ್ಪಟ್ಟ ಮೂರು ಭಾಗಗಳಿರುತ್ತವೆ. 1.31.4 ಎಂಬಲ್ಲಿ ಮೊದಲ 1 ಪ್ರಧಾನ ಸಂಖ್ಯೆ, ನಡುವಿನ 31 ಮೈನರ್ ಸಂಖ್ಯೆ, ಕೊನೆಯ 4 ದೋಷ ಪರಿಹಾರದ ಸಂಖ್ಯೆ. ಮೈನರ್ ಎಂದರೆ ಚಿಕ್ಕದು ಎಂದು ಹೆಸರಿದ್ದರೂ ಕುಬರ್ನೆಟೀಸಿನಲ್ಲಿ ಹೊಸ ಸೌಲಭ್ಯಗಳು ಬರುವುದೂ ಹಳೆಯವು ಹೋಗುವುದೂ ಈ ನಡುವಿನ ಸಂಖ್ಯೆ ಬದಲಾದಾಗಲೇ. ಪ್ರಧಾನ ಸಂಖ್ಯೆ 2015ರಿಂದಲೂ ಕದಲಿಲ್ಲ. ಮೊದಲು ವರ್ಷಕ್ಕೆ ನಾಲ್ಕು ಮೈನರ್ ಆವೃತ್ತಿಗಳು ಬರುತ್ತಿದ್ದವು, 2021ರಿಂದ ಆ ಸಂಖ್ಯೆಯನ್ನು ಮೂರಕ್ಕೆ ಇಳಿಸಲಾಯಿತು. ಪ್ರತಿ ಆವೃತ್ತಿಗೂ ಸುಮಾರು ಹದಿನಾಲ್ಕು ತಿಂಗಳ ಕಾಲ ದೋಷ ಪರಿಹಾರ ದೊರೆಯುತ್ತದೆ, ಆಮೇಲೆ ಅದರಲ್ಲಿ ಭದ್ರತಾ ಲೋಪ ಕಂಡುಬಂದರೂ ಮೂಲ ಯೋಜನೆ ಅದನ್ನು ತಿದ್ದುವುದಿಲ್ಲ. ಆದ್ದರಿಂದ ಕ್ಲಸ್ಟರನ್ನು ನವೀಕರಿಸದೆ ಸುಮ್ಮನೆ ಬಿಟ್ಟಿರುವುದು ಯಾವ ಸಂಸ್ಥೆಗೂ ಬಹುಕಾಲ ಸಾಧ್ಯವಾಗುವ ಆಯ್ಕೆಯಲ್ಲ. ಅಮೆಜಾನಿನ ಕ್ಲೌಡ್ ಸೇವೆಯಲ್ಲಿ ಸಾಮಾನ್ಯ ಬೆಂಬಲದ ಅವಧಿ ಮುಗಿದ ಕ್ಲಸ್ಟರಿಗೆ 2024ರಿಂದ ಗಂಟೆಗೆ 0.10 ಡಾಲರ್ ಬದಲು 0.60 ಡಾಲರ್ ಶುಲ್ಕ ಬೀಳುತ್ತದೆ ಎಂಬುದನ್ನು ನೋಡಿದರೆ, ಹಳೆಯದರಲ್ಲೇ ಉಳಿಯುವುದಕ್ಕೆ ತೆರಬೇಕಾದ ಬೆಲೆ ಏನೆಂದು ತಿಳಿಯುತ್ತದೆ.

ಈ ಓಟದ ನಡುವೆ ಯಾವುದಕ್ಕೆ ಯಾವುದು ಹೊಂದುತ್ತದೆ ಎಂಬುದನ್ನು ಕುಬರ್ನೆಟೀಸ್ ಯೋಜನೆ ಲಿಖಿತ ನಿಯಮವಾಗಿಯೇ ಪ್ರಕಟಿಸಿದೆ. ಕ್ಯೂಬ್‌ಸಿಟಿಎಲ್ ಎಪಿಐ ಸರ್ವರಿಗಿಂತ ಒಂದು ಮೈನರ್ ಆವೃತ್ತಿ ಮುಂದೆ ಇರಬಹುದು, ಒಂದು ಹಿಂದೆ ಇರಬಹುದು, ಸಮನಾಗಿರಬಹುದು, ಅದರಾಚೆಗೆ ಇರಕೂಡದು. ಸರ್ವರು 1.32 ಆಗಿದ್ದರೆ ಉಪಕರಣ 1.31, 1.32 ಅಥವಾ 1.33 ಆಗಿರಬೇಕು. ದೊಡ್ಡ ಕ್ಲಸ್ಟರುಗಳಲ್ಲಿ ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ಮೂರು ಎಪಿಐ ಸರ್ವರುಗಳನ್ನು ಇಟ್ಟಿರುತ್ತಾರೆ, ಮತ್ತು ನವೀಕರಣದ ಹೊತ್ತಿನಲ್ಲಿ ಅವುಗಳಲ್ಲಿ ಒಂದು 1.32ಕ್ಕೆ ಏರಿ ಇನ್ನೊಂದು 1.31ರಲ್ಲೇ ಉಳಿದಿರಬಹುದು. ಆಗ ವಿನಂತಿ ಯಾವ ಸರ್ವರಿಗೆ ಹೋಗಿ ಬೀಳುತ್ತದೆ ಎಂದು ಮೊದಲೇ ಹೇಳಲಾಗದು. ಹಾಗಾಗಿ ಎರಡಕ್ಕೂ ಹೊಂದುವ ಉಪಕರಣಗಳು 1.31 ಮತ್ತು 1.32 ಮಾತ್ರ. ನವೀಕರಣ ನಡೆಯುತ್ತಿರುವಾಗಲೇ, ಅಂದರೆ ಹೆಚ್ಚು ಎಚ್ಚರ ಬೇಕಾದ ಹೊತ್ತಿನಲ್ಲೇ, ಹೊಂದಾಣಿಕೆಯ ಅವಕಾಶ ಕಿರಿದಾಗುತ್ತದೆ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಕ್ಲಸ್ಟರಿನ ಉಳಿದ ಅಂಗಗಳಿಗೆ ಬೇರೆ ಅಳತೆಯಿದೆ. ಪ್ರತಿ ನೋಡಿನಲ್ಲೂ ಕುಳಿತು ಕಂಟೇನರುಗಳನ್ನು ನಡೆಸುವ ಕ್ಯೂಬ್‌ಲೆಟ್ ಎಂಬ ಪ್ರೋಗ್ರಾಮ್ ಸರ್ವರಿಗಿಂತ ಹೊಸದಾಗಿರಕೂಡದು, ಆದರೆ ಮೂರು ಆವೃತ್ತಿಗಳಷ್ಟು ಹಳೆಯದಾಗಿರಬಹುದು. ಮೊದಲು ಎರಡಿದ್ದ ಈ ರಿಯಾಯಿತಿಯನ್ನು 2023ರ ಆಗಸ್ಟಿನಲ್ಲಿ ಬಂದ 1.28ರಿಂದ ಮೂರಕ್ಕೆ ಏರಿಸಲಾಯಿತು. ಸಾವಿರಾರು ನೋಡುಗಳನ್ನು ನವೀಕರಿಸುವುದು ಭಾರಿ ಕೆಲಸವಾದ್ದರಿಂದ ಅದನ್ನು ವರ್ಷಕ್ಕೊಮ್ಮೆ ಮಾಡಿದರೂ ಸಾಲುವಂತಿರಲಿ ಎಂಬುದು ಅದರ ಉದ್ದೇಶ. ಕ್ಯೂಬ್‌ಸಿಟಿಎಲ್‌ಗೆ ಅಂಥ ರಿಯಾಯಿತಿ ದೊರೆಯಲಿಲ್ಲ. ಲ್ಯಾಪ್‌ಟಾಪಿನಲ್ಲಿರುವ ಒಂದೇ ಒಂದು ಕಡತವನ್ನು ಬದಲಾಯಿಸುವುದು ಕಷ್ಟದ ಕೆಲಸವಲ್ಲ ಎಂಬುದು ಒಂದು ಕಾರಣವಾಗಿದ್ದೀತು. ಆದರೆ ಅದಕ್ಕಿಂತ ಆಳವಾದ ಕಾರಣವನ್ನು ಅರಿಯಲು ಉಪಕರಣದ ಒಳಗೇ ಇಣುಕಬೇಕು.

ಕ್ಯೂಬ್‌ಸಿಟಿಎಲ್ ಬರಿಯ ಸಂದೇಶವಾಹಕ ಎಂದು ಭಾವಿಸುವವರು ಬಹಳ. ಬಳಕೆದಾರ ಹೇಳಿದ್ದನ್ನು ಅದು ಸರ್ವರಿಗೆ ಮುಟ್ಟಿಸುತ್ತದೆ, ಬುದ್ಧಿಯೆಲ್ಲ ಸರ್ವರಿನದು ಎಂಬ ಈ ಭಾವನೆ ಅರ್ಧ ಮಾತ್ರ ಸರಿ. ಉದಾಹರಣೆಗೆ ಅಪ್ಲೈ ಎಂಬ ಕಮಾಂಡನ್ನು ನೋಡಬಹುದು. ಕ್ಲಸ್ಟರಿನಲ್ಲಿ ಏನಿರಬೇಕು ಎಂಬುದನ್ನು ಒಂದು ಕಡತದಲ್ಲಿ ಬರೆದು, ಅದರಂತೆ ಆಗಲಿ ಎಂದು ಹೇಳುವ ಕಮಾಂಡ್ ಇದು. ಬಳಕೆದಾರ ಕಳೆದ ಬಾರಿ ಕಳುಹಿಸಿದ ಕಡತದಲ್ಲಿ ಏನಿತ್ತು, ಈ ಬಾರಿಯದರಲ್ಲಿ ಏನಿದೆ, ಕ್ಲಸ್ಟರಿನಲ್ಲಿ ಈಗ ನಿಜವಾಗಿ ಏನಿದೆ ಎಂಬ ಮೂರನ್ನೂ ಹೋಲಿಸಿ, ಯಾವುದನ್ನು ಸೇರಿಸಬೇಕು, ಯಾವುದನ್ನು ಅಳಿಸಬೇಕು, ಬೇರೆಯವರು ಮಾಡಿದ ಯಾವ ಬದಲಾವಣೆಯನ್ನು ಮುಟ್ಟದೆ ಬಿಡಬೇಕು ಎಂದು ಲೆಕ್ಕ ಹಾಕಬೇಕಾಗುತ್ತದೆ. ರೂಢಿಯ ವಿಧಾನದಲ್ಲಿ ಈ ಲೆಕ್ಕ ನಡೆಯುವುದು ಸರ್ವರಿನಲ್ಲಿ ಅಲ್ಲ, ಲ್ಯಾಪ್‌ಟಾಪಿನಲ್ಲಿರುವ ಉಪಕರಣದೊಳಗೆ. ಹೊಸ ವಸ್ತುವೊಂದನ್ನು ಕಮಾಂಡಿನಿಂದಲೇ ಸೃಷ್ಟಿಸುವಾಗ ಅದರ ವಿವರಗಳನ್ನು ತುಂಬುವುದು, ಯಾವ ಎಪಿಐ ಗುಂಪಿನ ಹೆಸರನ್ನು ಬಳಸಬೇಕೆಂದು ಆರಿಸುವುದು, ಲಾಗಿನ್ ವಿಧಾನವನ್ನು ನಡೆಸುವುದು ಇವೂ ಉಪಕರಣದ ಕೆಲಸಗಳೇ. ಹೀಗಾಗಿ ಕ್ಲಸ್ಟರಿನ ಬುದ್ಧಿಯ ಒಂದು ಪಾಲು ಕ್ಲಸ್ಟರಿನ ಹೊರಗೆ, ಅದನ್ನು ಬಳಸುವವರ ಯಂತ್ರಗಳಲ್ಲಿ ಇರುತ್ತದೆ, ಮತ್ತು ಆ ಪಾಲಿನ ವಯಸ್ಸು ಯಂತ್ರದಿಂದ ಯಂತ್ರಕ್ಕೆ ಬೇರೆ.

ಇದರ ಪರಿಣಾಮವನ್ನು ಹತ್ತಿರದಿಂದ ತೋರಿಸುವ ಪ್ರಕರಣವೆಂದರೆ ರನ್ ಕಮಾಂಡಿನದು. ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರನ್ನು ಕ್ಲಸ್ಟರಿನಲ್ಲಿ ಓಡಿಸಲು ಬಳಕೆದಾರ ರನ್ ಎಂದು ಬರೆದು, ಒಂದು ಹೆಸರನ್ನೂ ಕಂಟೇನರಿನ ಇಮೇಜನ್ನೂ, ಅಂದರೆ ಅದರ ಕಟ್ಟಿಟ್ಟ ಕಡತಗಳ ಕಂತೆಯನ್ನೂ, ಸೂಚಿಸುತ್ತಾನೆ ಎಂದುಕೊಳ್ಳೋಣ. ಉಪಕರಣ 1.17 ಆಗಿದ್ದರೆ, ಈ ವಿಧಾನ ಮುಂದೆ ಇರುವುದಿಲ್ಲ ಎಂಬ ಎಚ್ಚರಿಕೆಯೊಂದಿಗೆ, ಡಿಪ್ಲಾಯ್‌ಮೆಂಟ್ ಸೃಷ್ಟಿಯಾಯಿತು ಎಂಬ ಉತ್ತರ ಬರುತ್ತದೆ. 2020ರ ಮಾರ್ಚಿನಲ್ಲಿ ಬಂದ 1.18ರ ಉಪಕರಣದಲ್ಲಿ ಅದೇ ಸಾಲನ್ನು ಅಕ್ಷರವೂ ತಪ್ಪದೆ ಟೈಪ್ ಮಾಡಿದರೆ ಪಾಡ್ ಸೃಷ್ಟಿಯಾಯಿತು ಎಂಬ ಉತ್ತರ ಬರುತ್ತದೆ. ಸರ್ವರು ಎರಡು ಸಲವೂ ಅದೇ, ಕಮಾಂಡೂ ಅದೇ, ಎರಡೂ ಯಶಸ್ವಿ; ಆದರೆ ಹುಟ್ಟಿದ್ದು ಬೇರೆ ಬೇರೆ. ಪಾಡ್ ಎಂದರೆ ಒಂದು ಅಥವಾ ಕೆಲವು ಕಂಟೇನರುಗಳನ್ನು ಒಟ್ಟಿಗೆ ಓಡಿಸುವ ಅತ್ಯಂತ ಸಣ್ಣ ಘಟಕ. ಡಿಪ್ಲಾಯ್‌ಮೆಂಟ್ ಎಂದರೆ ಅಂಥ ಪಾಡುಗಳು ಎಷ್ಟಿರಬೇಕೋ ಅಷ್ಟು ಸದಾ ಇರುವಂತೆ ಕಾಯುವ ಮೇಲಿನ ವ್ಯವಸ್ಥೆ. ಬಿಡಿ ಪಾಡಿನೊಳಗಿನ ಪ್ರೋಗ್ರಾಮ್ ಕುಸಿದರೆ ಅದೇ ನೋಡಿನಲ್ಲಿ ಅದು ಮತ್ತೆ ಎದ್ದೀತು, ಆದರೆ ಆ ನೋಡೇ ಕೆಟ್ಟುಹೋದರೆ ಪಾಡು ಅದರೊಡನೆ ಇಲ್ಲವಾಗುತ್ತದೆ; ಅದರ ಬದಲಿಗೆ ಬೇರೆ ನೋಡಿನಲ್ಲಿ ಇನ್ನೊಂದನ್ನು ಹುಟ್ಟಿಸುವವರು ಯಾರೂ ಇರುವುದಿಲ್ಲ. ಹಳೆಯ ಉಪಕರಣವನ್ನು ನೆಚ್ಚಿ ಬರೆದಿಟ್ಟ ಸ್ಕ್ರಿಪ್ಟೊಂದು ಹೊಸ ಉಪಕರಣದ ಕೈಗೆ ಸಿಕ್ಕಿದಾಗ ಯಾವ ದೋಷ ಸಂದೇಶವೂ ಬರದೆ, ಸೇವೆ ಎಂದಿನಂತೆಯೇ ಓಡುತ್ತಿರುವಂತೆ ಕಾಣುತ್ತಲೇ, ತನ್ನನ್ನು ತಾನು ಚೇತರಿಸಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಈ ನಷ್ಟ ಗೊತ್ತಾಗುವುದು ನೋಡು ಕೆಟ್ಟ ದಿನ.

ಆವೃತ್ತಿ ವ್ಯತ್ಯಾಸದಿಂದ ಆಗುವ ತೊಂದರೆಗಳಲ್ಲಿ ಕೆಂಪಕ್ಷರದ ದೋಷ ಸಂದೇಶವೇ ದೊಡ್ಡದೆಂದು ತಿಳಿಯುವುದು ತಪ್ಪು ಎಂಬುದಕ್ಕೆ ಇಷ್ಟೇ ಸಾಕು. ಕೆಲಸ ನಿಂತುಹೋದರೆ ಬಳಕೆದಾರ ಅಲ್ಲಿಯೇ ಎಚ್ಚೆತ್ತುಕೊಳ್ಳುತ್ತಾನೆ. ಕೆಲಸ ನಡೆದೂ ಬೇರೆಯದೇ ಆದದ್ದು ಹೆಚ್ಚು ಅಪಾಯಕರ. ಇದೇ ಜಾತಿಯ ಇನ್ನೊಂದು ತೊಂದರೆ ಹಳೆಯ ಉಪಕರಣಗಳಿಗೂ, ಸಂಸ್ಥೆಗಳು ತಾವೇ ಬರೆದುಕೊಂಡ ಸ್ವಯಂಚಾಲಿತ ಪ್ರೋಗ್ರಾಮ್‌ಗಳಿಗೂ ಸಮಾನವಾಗಿ ಅಂಟಿಕೊಂಡಿದೆ. ಕುಬರ್ನೆಟೀಸಿನಂತೆಯೇ ಇವುಗಳಲ್ಲಿ ಬಹುಪಾಲು ಗೋ ಭಾಷೆಯಲ್ಲಿ ರಚಿತವಾಗಿದ್ದು, ಸರ್ವರಿನಿಂದ ಬಂದ ಮಾಹಿತಿಯನ್ನು ತಮ್ಮೊಳಗೆ ಮೊದಲೇ ನಿಗದಿಯಾದ ಅಚ್ಚಿಗೆ ತುಂಬಿಕೊಳ್ಳುತ್ತವೆ. ಸರ್ವರು ಹೊಸದಾಗಿದ್ದು ಅದು ಕಳುಹಿಸಿದ ವಿವರದಲ್ಲಿ ಹೊಸ ಅಂಶವೊಂದಿದ್ದರೆ, ಹಳೆಯ ಅಚ್ಚಿನಲ್ಲಿ ಅದಕ್ಕೆ ಜಾಗವಿರುವುದಿಲ್ಲ. ಹಳೆಯ ನಮೂನೆಯ ಅರ್ಜಿಯನ್ನು ಮುಂದಿಟ್ಟುಕೊಂಡು ಹೊಸ ನಮೂನೆಯ ಅರ್ಜಿಯನ್ನು ನಕಲು ಮಾಡುವ ಗುಮಾಸ್ತ, ತನ್ನ ಹಾಳೆಯಲ್ಲಿ ಇಲ್ಲದ ಕಾಲಮ್ಮುಗಳನ್ನು ಬಿಟ್ಟು ಉಳಿದದ್ದನ್ನು ನಿಷ್ಠೆಯಿಂದ ಬರೆದು ಮೂಲದ ಜಾಗದಲ್ಲಿ ಆ ನಕಲನ್ನೇ ಇಟ್ಟರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ: ಪ್ರೋಗ್ರಾಮ್ ಓದಿದ್ದನ್ನು ಸ್ವಲ್ಪ ತಿದ್ದಿ ಪೂರ್ತಿಯಾಗಿ ಹಿಂದಕ್ಕೆ ಬರೆದಾಗ ಅದು ಕಾಣದೇ ಹೋದ ಅಂಶ ಅಳಿಸಿಹೋಗುತ್ತದೆ. ಅಳಿಸಿದ್ದು ಯಾರ ಉದ್ದೇಶವೂ ಆಗಿರುವುದಿಲ್ಲ, ಆದ್ದರಿಂದಲೇ ಹುಡುಕುವುದೂ ಕಷ್ಟ.

ಇನ್ನು ಕೆಲಸವನ್ನು ನೇರವಾಗಿ ನಿಲ್ಲಿಸಿಬಿಡುವ ಬದಲಾವಣೆಗಳಿವೆ. ಕುಬರ್ನೆಟೀಸಿನ ಪ್ರತಿಯೊಂದು ವಸ್ತುವಿಗೂ ಒಂದು ಎಪಿಐ ಗುಂಪು ಮತ್ತು ಆ ಗುಂಪಿನ ಆವೃತ್ತಿ ಇರುತ್ತದೆ; ಅದು ಆಲ್ಫಾ, ಬೀಟಾ, ಸ್ಥಿರ ಎಂಬ ಮೂರು ಹಂತಗಳಲ್ಲಿ ಬೆಳೆಯುತ್ತದೆ. ಆಲ್ಫಾ ಹಂತದ್ದನ್ನು ಯಾವಾಗ ಬೇಕಾದರೂ ಕಿತ್ತುಹಾಕಬಹುದು. ಬೀಟಾ ಹಂತದ್ದನ್ನು ಕೈಬಿಡುವುದಾಗಿ ಸಾರಿದ ಮೇಲೂ ಒಂಬತ್ತು ತಿಂಗಳು ಅಥವಾ ಮೂರು ಆವೃತ್ತಿಗಳು, ಯಾವುದು ದೀರ್ಘವೋ ಅಷ್ಟು ಕಾಲ ನಡೆಸಬೇಕು. ಸ್ಥಿರವಾದುದನ್ನು ಪ್ರಧಾನ ಸಂಖ್ಯೆ ಬದಲಾಗದೆ ತೆಗೆಯುವಂತಿಲ್ಲ. ನಿಯಮ ನ್ಯಾಯವಾಗಿಯೇ ಇದೆ, ಆದರೆ ಆರಂಭದ ವರ್ಷಗಳಲ್ಲಿ ಎಲ್ಲರೂ ಬಳಸುತ್ತಿದ್ದ ಮುಖ್ಯ ವಸ್ತುಗಳೇ ಬಹುಕಾಲ ಬೀಟಾ ಹಂತದಲ್ಲಿದ್ದವು, ಮತ್ತು ಬೀಟಾ ಎಂಬ ಎಚ್ಚರಿಕೆಯನ್ನು ಗಂಭೀರವಾಗಿ ತೆಗೆದುಕೊಂಡವರು ಕಡಿಮೆ. ಡಿಪ್ಲಾಯ್‌ಮೆಂಟ್ 2017ರ ಡಿಸೆಂಬರಿನ 1.9ರಲ್ಲಿ ಸ್ಥಿರವಾಗಿ ಆ್ಯಪ್ಸ್/ವಿ1 ಎಂಬ ಹೆಸರಿನಲ್ಲಿ ದೊರೆಯತೊಡಗಿದ್ದರೂ, 2019ರ ಸೆಪ್ಟೆಂಬರಿನ 1.16ರಲ್ಲಿ ಎಕ್ಸ್‌ಟೆನ್ಷನ್ಸ್/ವಿ1ಬೀಟಾ1 ಎಂಬ ಹಳೆಯ ಹೆಸರನ್ನು ತೆಗೆದಾಗ, ಅಷ್ಟರಲ್ಲಿ ತಿದ್ದಿಕೊಳ್ಳದಿದ್ದ ಕಡತಗಳೆಲ್ಲ ಒಂದೇ ಏಟಿಗೆ ನಿರುಪಯುಕ್ತವಾದವು.

2021ರ ಆಗಸ್ಟಿನ 1.22 ಇನ್ನೂ ಹೆಚ್ಚಿನದನ್ನು ತೆಗೆಯಿತು. ಹೊರಗಿನ ವೆಬ್ ವಿನಂತಿಗಳನ್ನು ಒಳಗಿನ ಸೇವೆಗಳಿಗೆ ಹಂಚುವ ಇನ್‌ಗ್ರೆಸ್ ಎಂಬ ವಸ್ತುವಿನ ಬೀಟಾ ರೂಪ ಅದರಲ್ಲೊಂದು. ಇಲ್ಲಿ ಹೆಸರನ್ನಷ್ಟೇ ಬದಲಾಯಿಸಿದರೆ ಸಾಲದಾಗಿತ್ತು. ಸೇವೆಯ ಹೆಸರನ್ನೂ ಪೋರ್ಟನ್ನೂ ಬರೆಯುವ ಕ್ರಮವೇ ಬೇರೆಯಾಗಿತ್ತು, ಜೊತೆಗೆ ವಿಳಾಸದ ಹಾದಿಯನ್ನು ಪೂರ್ತಿ ಹೋಲಿಸಬೇಕೋ ಆರಂಭದ ಭಾಗವನ್ನು ಮಾತ್ರ ಹೋಲಿಸಬೇಕೋ ಎಂಬುದನ್ನು ಸೂಚಿಸುವ ಹೊಸ ಅಂಶವೊಂದು ಕಡ್ಡಾಯವಾಯಿತು. ಹಳೆಯ ಕಡತವನ್ನು ಕಳುಹಿಸಿದವರಿಗೆ ಈ ಆವೃತ್ತಿಯಲ್ಲಿ ಇನ್‌ಗ್ರೆಸ್ ಎಂಬ ಬಗೆಯೇ ಕಾಣುತ್ತಿಲ್ಲ ಎಂಬರ್ಥದ ಉತ್ತರ ಬರುತ್ತಿತ್ತು. ಅನುಭವವಿಲ್ಲದವರು ಇದನ್ನು ಓದಿ ಕ್ಲಸ್ಟರಿನಲ್ಲೇ ಏನೋ ಕಳೆದುಹೋಗಿದೆ ಎಂದು ಗಾಬರಿಗೊಳ್ಳುವುದು ಸಹಜ. ವಾಸ್ತವದಲ್ಲಿ ಅದಾಗಲೇ ಕ್ಲಸ್ಟರಿನಲ್ಲಿದ್ದ ಇನ್‌ಗ್ರೆಸ್‌ಗಳು ಹಾಗೆಯೇ ಇರುತ್ತವೆ, ಹೊಸ ಹೆಸರಿನಲ್ಲಿ ಕೇಳಿದರೆ ಸಿಗುತ್ತವೆ. ಮುಚ್ಚಿರುವುದು ಹಳೆಯ ಹೆಸರಿನಲ್ಲಿ ಕೇಳುವ ದಾರಿ ಮಾತ್ರ. ಹೆಲ್ಮ್ ಎಂಬ ಇನ್ನೊಂದು ಪ್ರಸಿದ್ಧ ಕಮಾಂಡ್ ಲೈನ್ ಉಪಕರಣಕ್ಕೆ ಇದರಿಂದ ಇಮ್ಮಡಿ ಕಷ್ಟವಾಯಿತು. ಅದು ಹಿಂದೆ ತಾನು ಸ್ಥಾಪಿಸಿದ್ದರ ಪೂರ್ಣ ಪಾಠವನ್ನು ಕ್ಲಸ್ಟರಿನಲ್ಲೇ ಜೋಪಾನವಾಗಿ ಇಟ್ಟುಕೊಂಡು ಮುಂದಿನ ನವೀಕರಣದಲ್ಲಿ ಅದರೊಂದಿಗೆ ಹೋಲಿಸುತ್ತದೆ. ಬಳಕೆದಾರ ತನ್ನ ಹೊಸ ಕಡತವನ್ನು ಸರಿಪಡಿಸಿದರೂ, ಒಳಗಿಟ್ಟ ಹಳೆಯ ಪಾಠದಲ್ಲಿ ತೆಗೆದುಹಾಕಿದ ಹೆಸರು ಉಳಿದಿದ್ದರೆ ಹೋಲಿಕೆಯೇ ನಡೆಯದೆ ಕೆಲಸ ನಿಲ್ಲುತ್ತದೆ. ಅದನ್ನು ತಿದ್ದಲೆಂದೇ ಪ್ರತ್ಯೇಕ ಪ್ಲಗಿನ್ ಒಂದನ್ನು ರಚಿಸಬೇಕಾಯಿತು.

ತೊಂದರೆ ಯಾವಾಗಲೂ ಉಪಕರಣ ಹಳತಾದಾಗಲೇ ಬರುತ್ತದೆ ಎಂದೇನಿಲ್ಲ, ಉಪಕರಣ ಹೊಸದಾಗಿದ್ದೂ ಬರಬಹುದು. ಕ್ಲೌಡ್ ಸೇವೆಗಳ ಕ್ಲಸ್ಟರಿಗೆ ಲಾಗಿನ್ ಆಗಲು ಕ್ಯೂಬ್‌ಸಿಟಿಎಲ್ ಆಯಾ ಕಂಪನಿಯ ಸಹಾಯಕ ಪ್ರೋಗ್ರಾಮನ್ನು ಕರೆದು ಅದರಿಂದ ಗುರುತುಪತ್ರವನ್ನು ಪಡೆಯುತ್ತದೆ, ಮತ್ತು ಈ ಎರಡರ ನಡುವಿನ ಮಾತುಕತೆಗೂ ಒಂದು ಆವೃತ್ತಿಯಿದೆ. 2022ರ ಮೇ ತಿಂಗಳಲ್ಲಿ ಬಂದ 1.24ರಲ್ಲಿ ಆ ಮಾತುಕತೆಯ ಆಲ್ಫಾ ರೂಪವನ್ನು ಉಪಕರಣದಿಂದ ತೆಗೆಯಲಾಯಿತು. ಹಳೆಯ ಸಹಾಯಕ ಪ್ರೋಗ್ರಾಮ್ ಇದ್ದವರು ಕ್ಯೂಬ್‌ಸಿಟಿಎಲ್ ಒಂದನ್ನೇ ಹೊಸದಕ್ಕೆ ಬದಲಾಯಿಸಿದಾಗ, ಕ್ಲಸ್ಟರಿನಲ್ಲಿ ಯಾರೂ ಏನೂ ಮುಟ್ಟದಿದ್ದರೂ, ಎಪಿಐ ಆವೃತ್ತಿ ಅಮಾನ್ಯ ಎಂಬ ಉತ್ತರ ಬಂದು ಒಳಹೋಗುವುದೇ ನಿಂತಿತು. ಸರ್ವರಿನಿಂದ ಒಂದು ಆವೃತ್ತಿಯ ಅಂತರದೊಳಗೇ ಇದ್ದವರಿಗೂ ಈ ತೊಡಕು ತಪ್ಪಲಿಲ್ಲ. ಹೊಂದಾಣಿಕೆ ಎಂಬುದು ಉಪಕರಣ ಮತ್ತು ಸರ್ವರು ಎಂಬ ಎರಡರ ನಡುವಿನ ವಿಷಯವಷ್ಟೇ ಅಲ್ಲ, ಅವುಗಳ ಸುತ್ತ ನೆರೆದ ಪ್ಲಗಿನ್ನು, ಸ್ಕ್ರಿಪ್ಟು, ಸಂರಚನಾ ಕಡತ ಎಲ್ಲವನ್ನೂ ಒಳಗೊಂಡ ಸರಪಣಿಯ ವಿಷಯ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆ ಸರಪಣಿಯ ಒಂದು ಕೊಂಡಿ ಕಳಚಿದರೆ ಏನಾಗಬಹುದೆಂಬುದಕ್ಕೆ ರೆಡಿಟ್ ಜಾಲತಾಣದ ಎಂಜಿನಿಯರುಗಳು ತಾವೇ ಬಹಿರಂಗವಾಗಿ ಬರೆದು ಪ್ರಕಟಿಸಿದ ವರದಿ ಸಾಕ್ಷಿಯಾಗಿದೆ. 2023ರ ಮಾರ್ಚ್ 14ರಂದು ಅವರು ಒಂದು ಮುಖ್ಯ ಕ್ಲಸ್ಟರನ್ನು 1.23ರಿಂದ 1.24ಕ್ಕೆ ಏರಿಸಿದರು, ಅಂದು ತಾಣ 314 ನಿಮಿಷಗಳ ಕಾಲ ಕೆಲಸ ಮಾಡಲಿಲ್ಲ. ಕಾರಣ ಒಂದು ಲೇಬಲ್. ಕಂಟ್ರೋಲ್ ಪ್ಲೇನಿನ ನೋಡುಗಳಿಗೆ ಮಾಸ್ಟರ್ ಎಂಬ ಪದವಿದ್ದ ಗುರುತುಚೀಟಿಯನ್ನು ಅಂಟಿಸುವ ರೂಢಿ ಮೊದಲಿನಿಂದ ಇತ್ತು. 1.20ರಲ್ಲಿ ಅದರ ಪಕ್ಕದಲ್ಲೇ ಕಂಟ್ರೋಲ್ ಪ್ಲೇನ್ ಎಂಬ ಹೊಸ ಚೀಟಿ ಬಂದಿತು, 1.24ರಲ್ಲಿ ಹಳೆಯದು ಹೋಯಿತು. ಕ್ಲಸ್ಟರಿನ ಜಾಲವನ್ನು ನಿರ್ವಹಿಸುವ ಕ್ಯಾಲಿಕೋ ಎಂಬ ತಂತ್ರಾಂಶಕ್ಕೆ ಮಾರ್ಗಗಳ ಮಾಹಿತಿಯನ್ನು ಹಂಚುವ ನೋಡುಗಳು ಯಾವುವೆಂದು ಹಳೆಯ ಚೀಟಿಯ ಆಧಾರದ ಮೇಲೆ ಹೇಳಲಾಗಿತ್ತು. ಚೀಟಿ ಇಲ್ಲವಾದೊಡನೆ ಅಂಥ ನೋಡು ಒಂದೂ ಉಳಿಯದೆ ಒಳಗಿನ ಜಾಲವೇ ಕುಸಿಯಿತು. ಕುಬರ್ನೆಟೀಸಿನಲ್ಲಿ ಮೇಲೇರಿದ ಆವೃತ್ತಿಯಿಂದ ಕೆಳಗಿಳಿಯಲು ಬೆಂಬಲವಿಲ್ಲವಾದ್ದರಿಂದ ಅವರು ಬ್ಯಾಕಪ್ಪಿನಿಂದ ಕ್ಲಸ್ಟರನ್ನು ಮತ್ತೆ ಕಟ್ಟಬೇಕಾಯಿತು. ತಮ್ಮ ಸೋಲನ್ನು ಹೀಗೆ ಎಳೆಎಳೆಯಾಗಿ ಬಿಡಿಸಿ ಎಲ್ಲರ ಮುಂದಿಟ್ಟ ಆ ತಂಡದ ನಡೆ ಉಳಿದ ಸಂಸ್ಥೆಗಳಿಗೂ ಮೇಲ್ಪಂಕ್ತಿಯಾಗಬೇಕು. ಆ ವರದಿಯನ್ನು ಓದಿ ತಮ್ಮ ಕ್ಲಸ್ಟರಿನಲ್ಲಿ ಅದೇ ಚೀಟಿಯನ್ನು ಹುಡುಕಿಕೊಳ್ಳುವ ಅವಕಾಶ ಎಲ್ಲರಿಗೂ ದೊರೆಯಿತು.

ಒಂದೇ ಕಂಪನಿಯಲ್ಲಿ, ಒಂದೇ ತಂಡದಲ್ಲಿ ಇಷ್ಟು ಬಗೆಯ ಆವೃತ್ತಿಗಳು ಸೇರಿಕೊಳ್ಳುವುದಾದರೂ ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಲ್ಯಾಪ್‌ಟಾಪಿನಲ್ಲಿ ಕಂಟೇನರುಗಳನ್ನು ಓಡಿಸುವ ಡಾಕರ್ ಡೆಸ್ಕ್‌ಟಾಪನ್ನು ಹಾಕಿಕೊಂಡರೆ ಅದು ತನ್ನದೇ ಕ್ಯೂಬ್‌ಸಿಟಿಎಲ್ ಪ್ರತಿಯನ್ನು ಜೊತೆಗೆ ತರುತ್ತದೆ. ಬಳಕೆದಾರ ಬೇರೆಡೆಯಿಂದ ಇನ್ನೊಂದನ್ನು ಸ್ಥಾಪಿಸಿಕೊಂಡಿದ್ದರೆ ಒಂದೇ ಹೆಸರಿನ ಎರಡು ಪ್ರೋಗ್ರಾಮ್‌ಗಳಿದ್ದು, ಯಂತ್ರ ತನ್ನ ಹುಡುಕಾಟದ ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಓಡಿಸುತ್ತದೆ. ಹೊಸದನ್ನು ಹಾಕಿಕೊಂಡ ಮೇಲೂ ಹಳೆಯ ಸಂಖ್ಯೆಯೇ ಕಾಣುವುದಕ್ಕೆ ಸಾಮಾನ್ಯ ಕಾರಣ ಇದೇ. ಪ್ರೋಗ್ರಾಮ್‌ಗಳನ್ನು ತಾನಾಗಿ ಪರೀಕ್ಷಿಸಿ ಬಿಡುಗಡೆ ಮಾಡುವ ಸಿಐ ವ್ಯವಸ್ಥೆಯಲ್ಲಿ ಎಂದೋ ಕಟ್ಟಿಟ್ಟ ಇಮೇಜಿನೊಳಗೆ ಇನ್ನೊಂದು ಹಳೆಯ ಪ್ರತಿ ಕುಳಿತಿರುತ್ತದೆ. ಲಿನಕ್ಸಿನಲ್ಲಿ ಮತ್ತೊಂದು ತೊಡಕು ಸೇರಿಕೊಂಡಿತು: ಗೂಗಲ್ ಆತಿಥ್ಯದಲ್ಲಿದ್ದ ಹಳೆಯ ಪ್ಯಾಕೇಜ್ ಭಂಡಾರವನ್ನು 2023ರ ಸೆಪ್ಟೆಂಬರಿನಲ್ಲಿ ಸ್ಥಗಿತಗೊಳಿಸಿ, 2024ರ ಮಾರ್ಚಿನಲ್ಲಿ ತೆಗೆದುಹಾಕಲಾಯಿತು, ಅದರ ಬದಲಿಗೆ ಬಂದ ಭಂಡಾರದಲ್ಲಿ ಪ್ರತಿ ಮೈನರ್ ಆವೃತ್ತಿಗೂ ಬೇರೆಯೇ ವಿಳಾಸವಿದೆ. ಯಾರಾದರೂ ಕೈಯಾರೆ ವಿಳಾಸವನ್ನು ಬದಲಿಸದ ಹೊರತು ಉಪಕರಣ ತನ್ನ ಮೈನರ್ ಆವೃತ್ತಿಯನ್ನು ದಾಟಿ ಮುಂದೆ ಹೋಗುವುದಿಲ್ಲ. ಇದು ಒಳ್ಳೆಯ ಏರ್ಪಾಡೇ, ಏಕೆಂದರೆ ಸಾಮಾನ್ಯ ನವೀಕರಣದ ಹೊತ್ತಿನಲ್ಲಿ ಹೇಳದೆ ಕೇಳದೆ ಮೈನರ್ ಆವೃತ್ತಿ ಜಿಗಿಯುವುದು ಇದರಿಂದ ತಪ್ಪಿತು. ಆದರೆ ವಿಳಾಸ ಬದಲಿಸುವ ಹೊಣೆಯನ್ನು ಯಾರಿಗೂ ಹೊರಿಸದಿದ್ದರೆ ಉಪಕರಣ ಅಲ್ಲಿಯೇ ಹಳತಾಗುತ್ತದೆ. ಬೆಂಗಳೂರಿನಂಥ ಊರಿನಲ್ಲಿ ಒಬ್ಬ ಎಂಜಿನಿಯರ್ ಏಕಕಾಲಕ್ಕೆ ಎರಡು ಮೂರು ವಿದೇಶಿ ಗ್ರಾಹಕರ ಕ್ಲಸ್ಟರುಗಳನ್ನು ನೋಡಿಕೊಳ್ಳುವುದುಂಟು, ಮತ್ತು ಒಂದು 1.29ರಲ್ಲಿ, ಇನ್ನೊಂದು 1.33ರಲ್ಲಿ ಇದ್ದರೆ ಎರಡಕ್ಕೂ ಹೊಂದುವ ಒಂದೇ ಉಪಕರಣ ಇರಲು ಸಾಧ್ಯವೇ ಇಲ್ಲ. ಅಂಥವರು ಎರಡು ಪ್ರತಿಗಳನ್ನು ಇಟ್ಟುಕೊಂಡು ಯೋಜನೆಗೆ ತಕ್ಕಂತೆ ಬದಲಾಯಿಸಿಕೊಳ್ಳಲೇಬೇಕು. ಅದನ್ನು ತಾನಾಗಿ ಮಾಡುವ ಆವೃತ್ತಿ ನಿರ್ವಾಹಕ ಉಪಕರಣಗಳು ಉಚಿತವಾಗಿಯೇ ದೊರೆಯುತ್ತವೆ.

ಕುಬರ್ನೆಟೀಸನ್ನು ಕಟ್ಟುವವರು ಈ ಕಷ್ಟವನ್ನು ಅರಿತು ಹಲವು ವರ್ಷಗಳಿಂದ ಒಂದೇ ದಿಕ್ಕಿನಲ್ಲಿ ನಡೆಯುತ್ತಿದ್ದಾರೆ: ಉಪಕರಣದೊಳಗಿನ ಬುದ್ಧಿಯನ್ನು ಒಂದೊಂದಾಗಿ ಸರ್ವರಿಗೆ ಸ್ಥಳಾಂತರಿಸುವುದು. ವಸ್ತುಗಳ ಪಟ್ಟಿಯನ್ನು ಕಾಲಮ್ಮುಗಳಾಗಿ ಜೋಡಿಸುವ ಕೆಲಸ ಮೊದಲು ಉಪಕರಣದ್ದಾಗಿತ್ತು, ಈಗ ಸರ್ವರೇ ಕಾಲಮ್ಮುಗಳನ್ನು ಸಿದ್ಧಮಾಡಿ ಕಳುಹಿಸುತ್ತದೆ. ಮೂರನ್ನು ಹೋಲಿಸುವ ಅಪ್ಲೈ ಲೆಕ್ಕವನ್ನು ಸರ್ವರಿನಲ್ಲೇ ಮಾಡುವ ವಿಧಾನ 1.22ರಲ್ಲಿ ಸ್ಥಿರವಾಯಿತು, ಕಡತದಲ್ಲಿನ ಅಂಶಗಳ ಹೆಸರು ಸರಿಯಿದೆಯೇ ಎಂದು ಸರ್ವರೇ ಪರೀಕ್ಷಿಸುವ ಕ್ರಮ 1.27ರಲ್ಲಿ ಸ್ಥಿರವಾಯಿತು. ಕೈಬಿಡಲಿರುವ ಎಪಿಐಯನ್ನು ಬಳಸಿದರೆ 1.19ರಿಂದ ಸರ್ವರು ತನ್ನ ಉತ್ತರದ ಜೊತೆಗೇ ಎಚ್ಚರಿಕೆಯನ್ನು ಕಳುಹಿಸುತ್ತದೆ, ಕ್ಯೂಬ್‌ಸಿಟಿಎಲ್ ಅದನ್ನು ಪರದೆಯ ಮೇಲೆ ತೋರಿಸುತ್ತದೆ. ಓಡುತ್ತಿರುವ ಕಂಟೇನರಿನ ಒಳಹೊಕ್ಕು ಕಮಾಂಡ್ ನಡೆಸುವ ಸಂಪರ್ಕವನ್ನು ಸ್ಪೀಡಿ ಎಂಬ ಹಳೆಯ ವಿಧಾನದಿಂದ ವೆಬ್‌ಸಾಕೆಟ್ಟಿಗೆ ಬದಲಿಸಿದ ರೀತಿಯಂತೂ ಮಾದರಿ ಎನ್ನುವಂಥದು: 1.31ರ ಉಪಕರಣ ಮೊದಲು ಹೊಸ ವಿಧಾನದಲ್ಲಿ ಪ್ರಯತ್ನಿಸುತ್ತದೆ, ಸರ್ವರಿಗೆ ಅದು ತಿಳಿಯದಿದ್ದರೆ ತಾನೇ ಹಳೆಯದಕ್ಕೆ ಮರಳುತ್ತದೆ, ಬಳಕೆದಾರನಿಗೆ ಏನೂ ಗೊತ್ತಾಗುವುದಿಲ್ಲ. ಇಂಥ ಕಾಳಜಿಯಿಂದಾಗಿಯೇ ಎರಡು ಮೂರು ಆವೃತ್ತಿ ಹಿಂದಿನ ಉಪಕರಣವೂ ದಿನನಿತ್ಯದ ಓದುವ ಕೆಲಸಗಳನ್ನು ಬಹುಮಟ್ಟಿಗೆ ಸರಿಯಾಗಿಯೇ ಮಾಡುತ್ತದೆ. ಆದರೆ ಮಾಡುತ್ತದೆ ಎಂಬುದೂ, ಮಾಡುತ್ತದೆಂದು ಕಟ್ಟಿದವರು ಮಾತು ಕೊಟ್ಟಿದ್ದಾರೆ ಎಂಬುದೂ ಒಂದೇ ಅಲ್ಲ. ಮಾತು ಇರುವುದು ಒಂದು ಆವೃತ್ತಿಯ ಅಂತರಕ್ಕೆ ಮಾತ್ರ, ಅದರಾಚೆ ನಡೆದದ್ದೆಲ್ಲ ಅದೃಷ್ಟ.

ನಿಯಮವನ್ನು ಪಾಲಿಸುವುದು ಕಷ್ಟವೂ ಅಲ್ಲ. ಕಂಟ್ರೋಲ್ ಪ್ಲೇನನ್ನು ಒಂದು ಮೈನರ್ ಆವೃತ್ತಿ ಬಿಟ್ಟು ಇನ್ನೊಂದಕ್ಕೆ ಹಾರಿಸುವಂತಿಲ್ಲ, ಒಂದೊಂದೇ ಮೆಟ್ಟಿಲು ಏರಬೇಕು. ಕ್ಲಸ್ಟರೊಂದು 1.28ರಿಂದ 1.31ಕ್ಕೆ ಹೋಗಬೇಕಾಗಿದೆ ಎಂದುಕೊಂಡರೆ, ಆರಂಭದಲ್ಲೇ ಎಲ್ಲರ ಉಪಕರಣವನ್ನು 1.29ಕ್ಕೆ ತಂದರೆ ಸರ್ವರು 1.28, 1.29, 1.30 ಆಗಿರುವಷ್ಟು ಕಾಲವೂ ಅದು ಹೊಂದುತ್ತದೆ. ಸರ್ವರುಗಳೆಲ್ಲ 1.30ಕ್ಕೆ ತಲುಪಿದ ಮೇಲೆ, ಕೊನೆಯ ಮೆಟ್ಟಿಲಿಗೆ ಮುನ್ನ, ಉಪಕರಣವನ್ನು 1.31ಕ್ಕೆ ಏರಿಸಿದರೆ ಮುಂದಿನ ನವೀಕರಣದವರೆಗೂ ಮತ್ತೆ ಮುಟ್ಟಬೇಕಾಗಿಲ್ಲ. ಸರ್ವರುಗಳು ಎರಡು ಆವೃತ್ತಿಗಳಲ್ಲಿ ಹಂಚಿಹೋಗಿರುವ ಹೊತ್ತಿಗೂ ಈ ಕ್ರಮ ಹೊಂದುತ್ತದೆಯೇ ಎಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕು: 1.29 ಮತ್ತು 1.30ರ ಸರ್ವರುಗಳು ಒಟ್ಟಿಗಿರುವಾಗ 1.29ರ ಉಪಕರಣ ಎರಡಕ್ಕೂ ಸಲ್ಲುತ್ತದೆ, 1.30 ಮತ್ತು 1.31 ಒಟ್ಟಿಗಿರುವಾಗ 1.31ರದು ಎರಡಕ್ಕೂ ಸಲ್ಲುತ್ತದೆ. ಮೂರು ಆವೃತ್ತಿಗಳ ಪಯಣಕ್ಕೆ ಉಪಕರಣವನ್ನು ಬದಲಿಸಬೇಕಾದದ್ದು ಎರಡೇ ಸಲ. ಏರುವ ಮುನ್ನ ತೆಗೆದುಹಾಕಲಿರುವ ಎಪಿಐಗಳನ್ನು ತಮ್ಮ ಕಡತಗಳಲ್ಲಿ ಹುಡುಕಿಕೊಳ್ಳಲು ಪ್ಲೂಟೊ, ಕ್ಯೂಬ್ ನೋ ಟ್ರಬಲ್ ಎಂಬ ಉಚಿತ ಉಪಕರಣಗಳಿವೆ.

ಕ್ಯೂಬ್‌ಸಿಟಿಎಲ್‌ಗೆ ವರ್ಷನ್ ಎಂಬ ಪದವೊಂದನ್ನು ಸೇರಿಸಿ ಎಂಟರ್ ಒತ್ತಿದರೆ ಉಪಕರಣದ ಸಂಖ್ಯೆಯೂ ಸರ್ವರಿನ ಸಂಖ್ಯೆಯೂ ಒಂದರ ಕೆಳಗೊಂದು ಬರುತ್ತವೆ. ಅಂತರ ಮಿತಿ ಮೀರಿದ್ದರೆ ಇತ್ತೀಚಿನ ಉಪಕರಣಗಳು ಎಚ್ಚರಿಕೆಯ ಸಾಲನ್ನೂ ಸೇರಿಸುತ್ತವೆ. ಇದಕ್ಕೆ ಹಿಡಿಯುವುದು ಒಂದೆರಡು ಸೆಕೆಂಡು. ಕ್ಲಸ್ಟರಿನ ಹೊಣೆ ಹೊತ್ತ ಪ್ರತಿಯೊಂದು ತಂಡವೂ ನವೀಕರಣದ ಯೋಜನೆಯನ್ನು ಬರೆಯುವಾಗ ಸರ್ವರು ಮತ್ತು ನೋಡುಗಳ ಸಾಲಿನಲ್ಲೇ ಕ್ಯೂಬ್‌ಸಿಟಿಎಲ್ಲಿನ ಆವೃತ್ತಿಯನ್ನೂ ಬರೆದಿಡಬೇಕು, ಸಿಐ ಇಮೇಜುಗಳೊಳಗೆ ಅಡಗಿರುವ ಪ್ರತಿಗಳನ್ನೂ ಆ ಲೆಕ್ಕಕ್ಕೆ ಸೇರಿಸಬೇಕು, ಮತ್ತು ಈ ಲೇಖನವನ್ನು ಓದುತ್ತಿರುವ ಎಂಜಿನಿಯರುಗಳು ಇವತ್ತೇ ಆ ಎರಡು ಸಂಖ್ಯೆಗಳನ್ನು ತಮ್ಮ ಲ್ಯಾಪ್‌ಟಾಪಿನಲ್ಲಿ ಒಮ್ಮೆ ನೋಡಿಕೊಳ್ಳಬೇಕು.